ಒರೆಸಿದ ಎಲೆಗಳು

ಸಸಿಮನೆಯ ಬಾಗಿಲು ತೆಗೆದ ಅಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು. ನಲವತ್ತು ಕುಂಡಗಳ ಎಲೆಗಳೂ ಎಣ್ಣೆ ಸವರಿದ ಹಾಗೆ ಥಳಥಳ ಹೊಳೆಯುತ್ತಿದ್ದವು. ನಿನ್ನೆಯವರೆಗೆ ಅವುಗಳ ಮೇಲೆ ಬೂದಿಯಂಥ ಬಿಳುಪಿತ್ತು.

ಸೋಪುನೀರಿನ ಬಕೆಟ್ ಪಕ್ಕದಲ್ಲಿ ತಂಗಿ ಹಿಗ್ಗಿ ಹೀರೇಕಾಯಿಯಾಗಿ ನಿಂತಿದ್ದಳು. ಗಂಡನ ಹೊಡೆತ ತಾಳಲಾರದೆ ಅವಳು ಅಕ್ಕನ ಮನೆ ಸೇರಿ ಹದಿನೈದು ದಿನವಾಗಿತ್ತು. ಸಸಿಮನೆ ನೋಡಿಕೊಳ್ಳುವ ಮೇಡಂ ಕೈಕಾಲು ಹಿಡಿದು ಈ ಕೆಲಸ ಕೊಡಿಸಿದವಳು ಅಕ್ಕನೇ. ಆಸ್ಪತ್ರೆಯ ಕಿಟಕಿ, ನೆಲ ಒರೆಸಿ ಪಳಗಿದ ಕೈ ತಂಗಿಯದು, ಸುಮ್ಮನಿದ್ದೀತೇ?

"ನೋಡಕ್ಕಾ, ಒಂದೊಂದು ಎಲೆನೂ ಎರಡೂ ಕಡೆ ಉಜ್ಜಿದೀನಿ. ಎಷ್ಟು ಧೂಳು ಅಂತೀಯ!"

"ಅಯ್ಯೋ ಪಾಪಿ, ಧೂಳಲ್ಲ ಕಣೇ ಅದು, ಮೇಣ!"

ಎಲೆಯ ಹೊರಪದರದ ಜೀವಕೋಶಗಳು ಆ ಮೇಣವನ್ನು ತಮ್ಮೊಳಗೇ ತಯಾರಿಸಿ, ಚೂರುಚೂರೇ ಸಾಗಿಸಿ, ಗೋಡೆ ದಾಟಿಸಿ ಮೇಲಕ್ಕೆ ಬಿಡುತ್ತವೆ. ಒಳಗಿನ ನೀರು ಆರದಂತೆ ಕಾಯುವುದು ಅದೇ. ಎಳೆಯ ಎಲೆಯಾದರೆ ಮತ್ತೆ ಒಂದಿಷ್ಟು ಹೊರಹಾಕೀತು, ಬಲಿತ ಎಲೆಗೆ ಆಗದು. ಪ್ರಯೋಗಾಲಯದ ಬಾಟಲಿಯಲ್ಲಿ ಹುಟ್ಟಿದ ಈ ಸಸಿಗಳಿಗೆ ಆ ತೆಳು ಹೊದಿಕೆ ಕೂಡಲು ಎರಡು ತಿಂಗಳು ಹಿಡಿದಿತ್ತು. ಈ ಜಾತಿಯ ಗಿಡ ಬೇರೆಲ್ಲೂ ಉಳಿದಿರಲಿಲ್ಲ.

ಹೊಸಬರಿಗೆ ಮೊದಲ ದಿನವೇ ಇದನ್ನೆಲ್ಲ ಹೇಳಿಕೊಡಬೇಕಾದವಳು ಅಕ್ಕ. ಮನೆಯವಳೇ ತಾನೆ, ನಾಳೆ ಹೇಳಿದರಾಯಿತು ಎಂದು ಬಿಟ್ಟಿದ್ದಳು. ಹೇಳಿಕೊಟ್ಟಿದ್ದೇನೆಂದು ಪುಸ್ತಕದಲ್ಲಿ ಸಹಿ ಮಾತ್ರ ಹಾಕಿದ್ದಳು. ಸಹಿ ಹಾಕುವುದಕ್ಕೆ ಕೈಗೇನು ನೋವೇ!

ಪ್ಲಾಸ್ಟಿಕ್ ಹೊದಿಸಿದ್ದಾಯಿತು, ಗಳಿಗೆಗೊಮ್ಮೆ ನೀರು ಸಿಂಪಡಿಸಿದ್ದಾಯಿತು. ಮೂರನೇ ದಿನಕ್ಕೆ ಎಲೆಗಳ ಅಂಚು ಸುರುಟಿತು. ಐದನೇ ದಿನ ಮೇಡಂ ಬಂದು ಒಂದು ಎಲೆ ಮುಟ್ಟಿದರು. ಅದು ಅವರ ಬೆರಳಲ್ಲೇ ಪುಡಿಯಾಯಿತು.

"ಒರೆಸಬಾರದು ಅಂತ ಇವ್ರಿಗೆ ಹೇಳಿದ್ರಾ, ಇಲ್ವಾ?"

ಹನ್ನೆರಡು ವರ್ಷದ ಕೆಲಸ, ಹಾಸಿಗೆ ಹಿಡಿದ ಗಂಡ, ಎಲ್ಲ ಅಕ್ಕನ ಕಣ್ಣ ಮುಂದೆ ಬಂತು.

"ಹೇಳಿದ್ದೆ ಮೇಡಂ."

ತಂಗಿ ಅಕ್ಕನ ಮುಖವನ್ನೇ ನೋಡಿದಳು. ಆಮೇಲೆ, "ಹೌದು, ನಂಗೇ ಮರೆತೋಯ್ತು" ಎಂದಳು.

ಅವತ್ತೇ ಅವಳನ್ನು ಕೆಲಸದಿಂದ ತೆಗೆದರು. ಸಂಜೆ ಅವಳು ಬ್ಯಾಗಿಗೆ ಬಟ್ಟೆ ತುಂಬತೊಡಗಿದಾಗ ಅಕ್ಕನಿಗೆ ನಾಚಿಕೆಯಿಂದ ಜೀವ ಹಿಡಿಯಾಯಿತು.

"ಅವನ ಹತ್ರ ಹೋಗ್ಬೇಡ ಕಣೇ. ಕೊಂದೇ ಹಾಕ್ತಾನೆ. ಇಲ್ಲೇ ಇರು, ನಿನ್ ದಮ್ಮಯ್ಯ."

"ಅವನು ಹೊಡಿತೀನಿ ಅಂತ ಹೇಳೇ ಹೊಡಿತಾನೆ ಕಣಕ್ಕಾ" ಎಂದು ತಂಗಿ ಬ್ಯಾಗಿನ ಜಿಪ್ ಎಳೆದಳು.