ಶೇಂಗಾ ಹೊಲದ ಇಂಟರ್‌ವ್ಯೂ

"ಡೀಸಿ ಮೇಡಮ್ಮೋರೇ, ಬಾಯಿ ಆಡಿಸ್ದಂಗೆ ಕೈಯೂ ಒಸಿ ಆಡಿಸ್ರಿ. ನಿಮ್ಮಪ್ಪ ಬಿಟ್ಟೋದ ಹೊಲ ಅಲ್ಲ ಇದು, ಬೇವರ್ಸಿ ಮುಂಡೇದೇ."

ಬದುವಿನ ಮೇಲಿಂದ ಇಷ್ಟು ಉದುರಿಸಿ ಸಾವ್ಕಾರ್ ಚಂದ್ರಣ್ಣ ಬೇವಿನ ಮರದ ನೆರಳಿಗೆ ಹೋಗಿ ಕೂತ. ಶೇಂಗಾ ಸಾಲುಗಳಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುತ್ತಿದ್ದ ಕಾಲೊನಿಯ ಹೆಂಗಸರು ಯಾರೂ ತಲೆ ಎತ್ತಲಿಲ್ಲ. ಎತ್ತಿದರೆ ನಗುತ್ತಿರುವುದು ಗೊತ್ತಾಗಿಬಿಡುತ್ತದೆ. ಮುಖ ತಗ್ಗಿಸಿಕೊಂಡು ನಗುವುದು ಊರಾಚೆಯ ಆ ಕಾಲೊನಿಯಲ್ಲಿ ಅಂಬೆಗಾಲಿಡುವ ಹೊತ್ತಿಗೇ ಕಲಿಯುವ ವಿದ್ಯೆ.

ಬೈಸಿಕೊಂಡ ದಿವ್ಯಾ ಮಂಜಮ್ಮನ ಒಬ್ಬಳೇ ಮಗಳು. ಆ ವರ್ಷ ಪಿಯುಸಿ ಪಾಸಾಗಿದ್ದಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಮುಂದೆ ಯಾವ ಡಿಗ್ರಿ ಅನ್ನುವ ಮಾತು ಎದ್ದಾಗ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ನರ್ಸಿಂಗ್ ಮಾಡಿದರೆ ಕೆಲಸಕ್ಕೆ ಮೋಸವಿಲ್ಲ ಎಂದರು. ಬಿ.ಕಾಂ. ಮಾಡಿದರೆ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆದುಕೊಂಡಿರಬಹುದು ಎಂದರು. ಕುದಾಪುರದ ಹತ್ತಿರ ವಿಜ್ಞಾನದ ದೊಡ್ಡ ದೊಡ್ಡ ಕ್ಯಾಂಪಸ್ಸುಗಳು ಬಂದಿವೆಯಲ್ಲ, ಅಲ್ಲಿ ಕಸ ಗುಡಿಸಲು ಡಿಗ್ರಿಯ ತಂಟೆಯೇ ಬೇಡ ಎಂದವರೂ ಇದ್ದರು. ದಿವ್ಯಾ ಎಲ್ಲರಿಗೂ ಹೂಂಗುಟ್ಟಿ, ಮನಸ್ಸಿನಲ್ಲಿ ಬಿ.ಎ. ಎಂದು ಗಟ್ಟಿ ಮಾಡಿಕೊಂಡು, ಅವ್ವನ ಹತ್ತಿರ ಮಾತ್ರ ಹೇಳುತ್ತಿದ್ದಳು. ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ. ಇದನ್ನು ತಲೆಗೆ ಹಾಕಿದವನು ಕಾಲೊನಿಯ ಪ್ರದೀಪ್. ಚಳ್ಳಕೆರೆಯ ಲೈಬ್ರರಿಯಲ್ಲಿ ಕೂತು ಕೆ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದ ಅವನು, ಆ ಪರೀಕ್ಷೆಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ, ಆದರೆ ಪರೀಕ್ಷೆಗೆ ಓದಬೇಕಾದದ್ದನ್ನೇ ಡಿಗ್ರಿಗೂ ಓದಿದರೆ ಒಂದೇ ಓದಿಗೆ ಎರಡೂ ದಕ್ಕುತ್ತವೆ ಎಂದು ಬಿಡಿಸಿ ಹೇಳಿದ್ದ. ದಿವ್ಯಾಗೆ ಲೆಕ್ಕ ಸರಿಯೆನ್ನಿಸಿತ್ತು.

ಲೆಕ್ಕ ತಪ್ಪಿಸಿದ್ದು ಸಾವ್ಕಾರ. ಅವನ ಮಗಳು ಚಿತ್ರದುರ್ಗದಲ್ಲಿ ಹೆತ್ತಿದ್ದಳು, ಕೂಸು ನೋಡಿಕೊಳ್ಳಲು ಒಂದು ಹುಡುಗಿ ಬೇಕಿತ್ತು. ಅಲ್ಲೇ ಕಾಲೇಜಿಗೆ ಸೇರಿಸುತ್ತೇನೆ, ಓದಿಕೊಂಡು ಮಗು ಆಡಿಸಿಕೊಂಡು ಇರಲಿ ಎಂದು ಮಂಜಮ್ಮನನ್ನು ಒಪ್ಪಿಸಿ, ದಿವ್ಯಾಳ ಮಾರ್ಕ್ಸ್ ಕಾರ್ಡು, ಟಿ.ಸಿ. ಎಲ್ಲ ಇಸಿದುಕೊಂಡಿದ್ದ. ಬಿಸಿಲು ತಪ್ಪಿ ನೆರಳಲ್ಲಿ ಎರಡು ಹೊತ್ತು ಉಣ್ಣುತ್ತಾಳಲ್ಲ ಎಂದು ಮಂಜಮ್ಮ ತಲೆಯಾಡಿಸಿದ್ದಳು. ದಿವ್ಯಾಗೆ ಸಾವ್ಕಾರನ ಮಾತಿನ ಮೇಲೆ ಕಾಸಿನಷ್ಟೂ ನಂಬಿಕೆಯಿರಲಿಲ್ಲ. ಚಳ್ಳಕೆರೆಯ ಕಾಲೇಜಿನಲ್ಲಿ ಸೇರಲು ಇವತ್ತೇ ಕೊನೆಯ ದಿನ. ಅವಳನ್ನು ದುರ್ಗಕ್ಕೆ ಒಯ್ಯುವ ಕಾರು ಬರುವುದೂ ಇವತ್ತೇ. ಬಟ್ಟೆಯ ಚೀಲ ಬೇವಿನ ಬುಡದಲ್ಲಿ ರೆಡಿಯಾಗಿ ಕೂತಿತ್ತು. ಇವತ್ತು ತಪ್ಪಿದರೆ ವರ್ಷವೇ ಹೋಯಿತು.

ಹೋಗುವ ಹುಡುಗಿಯ ಮುಖ ಅಷ್ಟು ಬಾಡಿರುವುದನ್ನು ನೋಡಲಾಗದೆ ಹೊನ್ನಕ್ಕ, ಇಂಟರ್‌ವ್ಯೂ ಆಟ ಆಡೋಣವೇನೇ ಎಂದಳು. ಇಂಥ ಆಟ ಅವರ ಹೊಲದ ಪದ್ಧತಿಯೇ ಆಗಿಬಿಟ್ಟಿತ್ತು. ದಿವ್ಯಾ ಓದಿದ್ದನ್ನು ಗಟ್ಟಿಯಾಗಿ ಹೇಳಬೇಕು. ಅವಳು ಹೇಳುವಷ್ಟು ಹೊತ್ತು ಅವಳ ಸಾಲನ್ನು ಅಕ್ಕಪಕ್ಕದವರು ಹಂಚಿಕೊಂಡು ಕಿತ್ತು ಮುಗಿಸಬೇಕು. ಈ ಹೊಲದಲ್ಲಿ ಮೂಲಭೂತ ಹಕ್ಕುಗಳು ಮುಗಿದು, ಪಕ್ಕದ ಹೊಲದಲ್ಲಿ ವಿಜಯನಗರದ ಅರಸರು ಮುಗಿದು, ಈಗ ಕೆ.ಎ.ಎಸ್. ಇಂಟರ್‌ವ್ಯೂಗೆ ಬಂದು ಮುಟ್ಟಿದ್ದರು. ಡಿಗ್ರಿಗೇ ಇನ್ನೂ ಸೇರಿಲ್ಲ ಎನ್ನುವುದು ಅಂಥ ದೊಡ್ಡ ಅಡ್ಡಿಯೆಂದು ಯಾರಿಗೂ ಅನ್ನಿಸಿರಲಿಲ್ಲ.

ಹಿರಿಯಳಾದ ಹೊನ್ನಕ್ಕ ಚೇರ್ಮನ್ ಆದಳು. ಕಳೆಯಿಂದ ಕಣ್ಣು ಕೀಳದೆ, "ಯಾವ ಊರು, ಯಾವ ಕೇರಿ? ದೂರ ನಿಂತ್ಕಂಡು ಹೇಳು. ಯಾರ ಕೇಳಿ ಒಳಾಕೆ ಬಂದೆ?" ಎಂದು ಗದರಿದಳು.

ಹಾಗೆ ಬೈಯುವುದಿಲ್ಲ ಹೊನ್ನಕ್ಕ, ಕೂತುಕೋ ಎಂದು ಕುರ್ಚಿ ತೋರಿಸುತ್ತಾರೆ, ಮುಖ ನೋಡಿ ಮಾತಾಡಿಸುತ್ತಾರೆ ಎಂದು ದಿವ್ಯಾ ತಿದ್ದಿದಳು. ಹೊನ್ನಕ್ಕ ನಂಬಲಿಲ್ಲ. ವಿಧವಾ ವೇತನಕ್ಕೆ ಅಲೆದು ಅಲೆದು ಅವಳು ಕಂಡ ಆಫೀಸರುಗಳೆಲ್ಲ ಇದೇ ಧಾಟಿಯವರು. ಅವಳ ಪಾಲಿಗೆ ಅಧಿಕಾರವೆಂದರೆ ತಲೆ ಎತ್ತದೆ ಬೈಯುವುದು, ಆ ಕೆಲಸ ಬೇಕೆಂದರೆ ಮೊದಲು ಬೈಸಿಕೊಂಡು ಪಾಸಾಗಬೇಕು. ಆಮೇಲೆ ರಂಗಕ್ಕನ ಸರದಿ. ಅವಳು ಕುರಿ ಸಾಕುವವಳು. "ಕುರಿ ಮೇಯೋ ಉಳ್ಳಾರ್ತಿ ಕಾವಲಿಗೆ ಆ ಕ್ಯಾಂಪಸ್ಸಿನೋರು ಗೋಡೆ ಹಾಕ್ಯಾರಲ್ಲ, ನನ್ ಕುರಿ ಅದರೊಳಕ್ಕೆ ನುಗ್ಗಿದ್ರೆ ಯಾರನ್ನ ಕೇಳ್ಬೇಕವ್ವ?" ಎಂದಳು. ದಿವ್ಯಾ ಯೋಚಿಸಿ, ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ ಎಂದಳು.

"ಫೇಲು," ಎಂದಳು ಹೊನ್ನಕ್ಕ. "ಗೊತ್ತಿಲ್ಲ ಅನ್ನೋ ಆಫೀಸರನ್ನ ನಾನು ಹುಟ್ಟಿದಾಗಿಂದ ಕಂಡಿಲ್ಲ."

ಸಾಲು ಸಾಲೇ ಕುಲುಕಿ ನಕ್ಕಿತು. ಮಂಜಮ್ಮ ಮಾತ್ರ ನಗದೆ ತನ್ನ ಸಾಲು ಹಿಡಿದು ಮುಂದೆ ಹೋಗುತ್ತಿದ್ದಳು. ಆ ಬೆನ್ನು ನೋಡಿ ದಿವ್ಯಾಗೆ ಅಳು ಬಂತು. ಅಷ್ಟರಲ್ಲಿ ಪಕ್ಕದಲ್ಲಿ ಸಾವ್ಕಾರನ ಚಪ್ಪಲಿ ಕಂಡಿತು. ಯಾವಾಗ ಎದ್ದು ಬಂದನೋ, ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನಿಗೆ ಸಿಟ್ಟು ಬಂದಿರಲಿಲ್ಲ, ಮಜಾ ಹತ್ತಿತ್ತು.

"ನಾನೂ ಒಂದು ಕೇಳ್ತೀನಿ ತಡಿ. ನನ್ ಮೊಮ್ಮಗ ಹೇತ್ರೆ ಯಾವ ಕೈಯಾಗೆ ತೊಳೀತೀಯ?"

ಹೆಂಗಸರ ಕೈಗಳು ಮಣ್ಣಲ್ಲೇ ನಿಂತವು.  ಸಂವಿಧಾನದ ಪೀಠಿಕೆಯನ್ನು ನೀರು ಕುಡಿದಂತೆ ಹೇಳುವ ಹುಡುಗಿ ತಲೆ ತಗ್ಗಿಸಿ ಕಳೆಗೆ ಕೈ ಹಾಕಿದಳು. ನಾಚಿಕೆಯಿಂದ ಅವಳ ಕಿವಿ ಸುಡುತ್ತಿತ್ತು.

"ಹೇಳಾಕೆ ಬರಲ್ವಾ? ಹೋಗ್ಲಿ, ಪಾಸು ಮಾಡಿದೀನಿ. ನಿನ್ ಪೋಸ್ಟಿಂಗು ದುರ್ಗ," ಎಂದು ಸಾವ್ಕಾರ ತನ್ನ ಮಾತಿಗೆ ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕ.

ಮಂಜಮ್ಮ ಎದ್ದು ನಿಂತಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಅಲ್ಲಿ ಕಾಲೇಜಿಗೆ ಯಾವತ್ತು ಸೇರಿಸುತ್ತೀರಿ ಎಂದು ಮೆಲ್ಲಗೆ ಕೇಳಿದಳು.

"ಯಾವ ಕಾಲೇಜೇ? ಮೊದ್ಲು ಕೂಸು ನಡೆಯಂಗಾಗ್ಲಿ. ಕಾಗ್ದ ಎಲ್ಲಿ ಹೋಗ್ತಾವೆ, ಅವತ್ತು ಇಟ್ಟಂಗೇ ಕಾರಿನಾಗೆ ಬಿದ್ದಾವೆ. ನಿಮ್ ಜನಕ್ಕೆ ಅಕ್ಷರ ಹೆಚ್ಚಾದ್ರೆ ಹೊಲಕ್ಕೆ ಯಾವನು ಬರ್ತಾನೆ?"

ಮಂಜಮ್ಮ ಮತ್ತೆ ಕೂತು ಸಾಲು ಹಿಡಿದಳು. ಕಾರು ಬಂದಾಗ, ನಾನೂ ಹೋಗಿ ಬಿಟ್ಟು ಬರುತ್ತೇನೆ, ಹೆಣ್ಣುಮಗು ಹೊಸ ಜಾಗ ಎಂದಳು. ಸಾವ್ಕಾರ ಗೊಣಗಿ ಒಪ್ಪಿದ. ಮಳೆ ಬೀಳುವ ಮುಂಚೆ ಕಳೆ ಮುಗಿಸಬೇಕಾದ್ದರಿಂದ ತಾನು ಹೊಲ ಬಿಟ್ಟು ಕದಲುವಂತಿರಲಿಲ್ಲ. ಸೀಟಿಗೆ ಗೋಣಿಚೀಲ ಹಾಸಿ ಇವರನ್ನು ಕೂರಿಸು ಎಂದು ಡ್ರೈವರ್ ಬಾಲರಾಜುಗೆ ಹೇಳಿದ. ಬಾಲರಾಜು ಅದೇ ಕಾಲೊನಿಯವನು. ಗೋಣಿಚೀಲ ಹಾಸುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ.

ಕಾರು ಹೊರಟಿತು. ದಿವ್ಯಾ ಕಿಟಕಿಗೆ ಮುಖ ತಿರುಗಿಸಿಕೊಂಡಳು. ಅಷ್ಟು ಕೇಳಿದ ಮೇಲೂ ತನ್ನನ್ನು ಕೈಯಾರೆ ಒಪ್ಪಿಸಲು ಹೊರಟ ಅವ್ವನ ಮೇಲೆ ಅವಳಿಗೆ ಹೇಸಿಗೆಯೇ ಬಂದಿತ್ತು. 

ಚಳ್ಳಕೆರೆಯ ಸರ್ಕಲ್ಲಿನ ಹತ್ತಿರ ದುರ್ಗದ ಕಡೆಗೆ ಹೊರಳಬೇಕು ಅನ್ನುವಷ್ಟರಲ್ಲಿ ಮಂಜಮ್ಮ ತಾನು ಕೂತಿದ್ದ ಗೋಣಿಚೀಲವನ್ನು ಎಳೆದು ಕಾಲ ಕೆಳಗೆ ಹಾಕಿಕೊಂಡಳು.

"ಬಾಲಾ, ಕಾಲೇಜಿನ ತಾವ ತಿರುಗ್ಸು."

"ಯಾವ ಕಾಲೇಜು ಮಂಜಕ್ಕ?"

"ಇವಳು ಬಾಯಿ ಬಡ್ಕಂತಾಳಲ್ಲ, ಬಿಯೇನೋ ಗಿಯೇನೋ. ಅದನ್ನ ಕಲ್ಸೋ ಕಾಲೇಜು."

ಬಾಲರಾಜು ಕಾರನ್ನು ರಸ್ತೆಯ ಪಕ್ಕಕ್ಕೆ ಹಾಕಿದ. ತನ್ನ ಹೆಂಡತಿ, ಮಕ್ಕಳು, ಸಾವ್ಕಾರನ ಹೊಡೆಯುವ ಬುದ್ಧಿ ಎಲ್ಲ ಹೇಳಿಕೊಂಡ. ಮಂಜಮ್ಮ ಪೂರ್ತಿ ಕೇಳಿಸಿಕೊಂಡಳು. "ಹೆದ್ರಿಕೆ ಆದ್ರೆ ಇಲ್ಲೇ ಇಳ್ಸಪ್ಪ. ನಿನ್ ಮೇಲೆ ನಂಗೆ ಬ್ಯಾಸ್ರ ಇಲ್ಲ. ಕಾಗ್ದ ಕೊಟ್ಬಿಡು, ನಡ್ಕಂಡು ಹೋಗ್ತೀವಿ," ಎಂದಳು. ಬಾಲರಾಜು ಕಾರು ಸ್ಟಾರ್ಟ್ ಮಾಡಿದ. ಆಮೇಲೆ ಎದುರಿಗೆ ಅಡ್ಡ ಬಂದ ಬೈಕಿನವನದು ಏನೂ ತಪ್ಪಿಲ್ಲದಿದ್ದರೂ ಅವನ ಅಮ್ಮ ಅಕ್ಕನನ್ನೆಲ್ಲ ಸೇರಿಸಿ ಬೈದು, ಕಾಲೇಜಿನ ಕಡೆ ಹೊರಳಿಸಿದ. ದಿವ್ಯಾ ಅವ್ವನ ಮಣ್ಣಾದ ಕೈಯನ್ನು ಹಿಡಿದುಕೊಂಡು ಮುಸಿಮುಸಿ ಅತ್ತಳು. ಅತ್ತು ಮುಖ ಕೆಡಿಸಿಕೊಂಡರೆ ಸೀಟು ಕೊಡುತ್ತಾರೇನೇ ಎಂದು ಮಂಜಮ್ಮ ಅವಳ ಕೈ ಬಿಡಿಸಿಕೊಂಡು ಬೈದಳು.

ಕಾಲೇಜಿನ ಗುಮಾಸ್ತ ಕೌಂಟರು ಮುಚ್ಚುವ ಆತುರದಲ್ಲಿದ್ದ. ಮಾರ್ಕ್ಸ್ ಕಾರ್ಡ್ ನೋಡಿ ಹುಬ್ಬೇರಿಸಿದ, ಕೆಮ್ಮಣ್ಣು ಮೆತ್ತಿದ ಕಾಲುಗಳನ್ನು ನೋಡಿ ಹುಬ್ಬಿಳಿಸಿದ. ಬಿ.ಎ. ಮಾಡಿ ಏನು ಮಾಡುತ್ತೀಯಮ್ಮ, ಬಿ.ಕಾಂ. ತಗೋ, ಅಂಗಡಿಯಲ್ಲಾದರೂ ಕೆಲಸ ಸಿಗುತ್ತದೆ ಎಂದು ಬುದ್ಧಿ ಹೇಳಿದ. ಈ ಸಲ ದಿವ್ಯಾ ಹೂಂಗುಟ್ಟಲಿಲ್ಲ. ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ಎಂದು ಒಂದೇ ಉಸಿರಿಗೆ ಹೇಳಿ, ಕೆ.ಎ.ಎಸ್. ಬರೆಯಬೇಕು ಸರ್ ಎಂದಳು. ಗುಮಾಸ್ತ ನಗುವನ್ನು ನುಂಗಿಕೊಂಡು ಸೀಲು ಒತ್ತಿದ. ಮಂಜಮ್ಮ ಹೆಬ್ಬೆಟ್ಟು ಒತ್ತಿದಳು.

ಹೊರಗೆ ಬಾಲರಾಜು ಮೊಬೈಲನ್ನು ಕೆಂಡದ ಹಾಗೆ ಹಿಡಿದುಕೊಂಡು ನಿಂತಿದ್ದ. ಹುಡುಗಿ ಇನ್ನೂ ಬಂದಿಲ್ಲ ಎಂದು ಸಾವ್ಕಾರನ ಮಗಳು ದುರ್ಗದಿಂದ ಅಪ್ಪನಿಗೆ ಫೋನು ಮಾಡಿದ್ದಳು. ಅಪ್ಪ ಇವನಿಗೆ ಮೇಲಿಂದ ಮೇಲೆ ಮಾಡುತ್ತಿದ್ದ. ಮಂಜಮ್ಮ ಅವನ ಕೈಯಿಂದ ಫೋನು ಇಸಿದುಕೊಂಡಳು. ಸಾವ್ಕಾರನಿಗೆ ಯಾವಾಗಲೂ ಸ್ಪೀಕರಿಗೆ ಹಾಕಿ ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ಚಟ. ಹೊಲದ ಗಾಳಿಯ ಸದ್ದು ಕೂಡ ಇಲ್ಲಿಗೆ ಕೇಳಿಸುತ್ತಿತ್ತು.

"ಸಾವ್ಕಾರ್ರೇ, ದಿವ್ಯಾ ಸೇರಿದ್ಲು. ದುರ್ಗದಾಗಲ್ಲ, ಚಳ್ಳಕೆರ್ಯಾಗೆ. ಬಿ.ಎ.ಗೆ."

ಆ ಕಡೆಯಿಂದ ಬಂದ ಬೈಗುಳ ಬರೆಯುವಂಥದ್ದಲ್ಲ. ದಾರಿಯಲ್ಲಿ ಹೋಗುತ್ತಿದ್ದ ಹುಡುಗರು ನಿಂತು ನೋಡಿದರು. ಬಾಲರಾಜುಗೆ ಇನ್ನು ಕೆಲಸವಿಲ್ಲ, ನಾಳೆಯಿಂದ ಕಾಲೊನಿಯ ಒಬ್ಬ ಹೆಂಗಸೂ ತನ್ನ ಹೊಲದಲ್ಲಿ ಕಾಲಿಡಕೂಡದು ಎಂದು ಸಾವ್ಕಾರ ಅರಚಿದ.  ತನ್ನ ಒಂದು ಸೀಟಿಗೆ ಅಷ್ಟೂ ಮನೆಗಳ ಒಲೆ ಆರುತ್ತದೆ ಎಂದು ದಿವ್ಯಾ ಯೋಚಿಸಿರಲಿಲ್ಲ.

"ನಂಗ್ಯಾಕೆ ಹೇಳ್ತೀರಿ," ಎಂದಳು ಮಂಜಮ್ಮ. "ಅವರು ಅಲ್ಲೇ ನಿಮ್ ಮುಂದೇನೇ ಕುಂತವ್ರಲ್ಲ. ಅವರಿಗೇ ಹೇಳ್ರಿ."

 ಫೋನಿನಲ್ಲಿ ಹೊನ್ನಕ್ಕನ ದನಿ ದೂರದಿಂದ ಏನೋ ಅಂದಿತು, ಇಲ್ಲಿಗೆ ಅರ್ಥವಾಗಲಿಲ್ಲ. ಬಳೆಗಳ ಸದ್ದಾಯಿತು. ಒಂದಿಬ್ಬರದಲ್ಲ, ತುಂಬ ಜನರದು. ಸಾವ್ಕಾರ ಮತ್ತೆ ಕೂಗಿದ, ಆದರೆ ಈ ಸಲ ಅವನು ಕೂಗುತ್ತಿದ್ದುದು ಮಂಜಮ್ಮನಿಗಲ್ಲ.

"ಏಯ್, ಎಲ್ಲಿಗ್ರೇ ಎದ್ರಿ? ನಾಳೆಯಿಂದ ಅಂದೆ ಕಣ್ರೇ ನಾನು, ಇವತ್ತಲ್ಲ. ಕುಂತ್ಕಳ್ರೇ, ಇನ್ನೂ ಅರ್ಧ ಹೊಲ ಹಂಗೇ ಐತೆ."