ಹಲಗೆಯ ನೀಲಿಮಣಿ

"ಒಂದು ಮಣಿ ತಾನೇ, ಅದಕ್ಕ್ಯಾಕೆ ಇಷ್ಟು ರಂಪ?" ಎನ್ನುತ್ತಲೇ ಕ್ಯೋನಿ ಚಾಕುವಿನ ಮೊನೆಯಿಂದ ಹಲಗೆಯ ನೀಲಿಮಣಿಯನ್ನು ಎಬ್ಬಿಸಿ ಸೊಂಟದ ಚೀಲಕ್ಕೆ ಹಾಕಿಕೊಂಡ.

"ನಿನ್ನ ಮುಂದಿನ ಹಲ್ಲು ಕಿತ್ತು, ಒಂದು ಹಲ್ಲು ತಾನೇ ಅನ್ಲಾ?" ಉಂಬ ಹಲಗೆಯನ್ನು ಎದೆಗೆ ಅವಚಿಕೊಂಡ. ಹೊಸ ದೊರೆಯ ಸೋದರಮಾವನಾದ ಕ್ಯೋನಿ ಅಷ್ಟರಲ್ಲಿ ಹೊಸ್ತಿಲು ದಾಟಿಯಾಗಿತ್ತು. ಇಬ್ಬರು ಭರ್ಜಿಯವರನ್ನು ಕಟ್ಟಿಕೊಂಡು ಬಂದವನ ಜೊತೆ ಒಬ್ಬ ಮುದುಕ ಎಷ್ಟು ಕಿತ್ತಾಡಿಯಾನು?

ಮೊಳದುದ್ದವೂ ಇಲ್ಲದ ಆ ಮರದ ಹಲಗೆಯಲ್ಲಿ ಲೂಬಾ ನಾಡಿನ ದೊರೆಗಳ ಕಥೆಯೆಲ್ಲ ಮಣಿಮಣಿಯಾಗಿ ಕೂತಿತ್ತು. ಉಂಬ ಬೆರಳಾಡಿಸಿ ಓದಬೇಕು, ನಾಡು ಕೇಳಬೇಕು. ನೀಲಿಮಣಿಯೆಂದರೆ ಕುಂಬಾರಗಿತ್ತಿ ಮಸೆಂಗೊ. ಬೇಟೆಯಾಡುತ್ತ ಬಂದ ಮೊದಲ ದೊರೆ ಜೌಗಿನಲ್ಲಿ ಕತ್ತಿನ ತನಕ ಹೂತಾಗ, ಬೋರಲು ಹಾಕಿದ ಗಡಿಗೆಗಳ ಮೇಲೆ ಅವನನ್ನು ತೇಲಿಸಿ ದಡ ಮುಟ್ಟಿಸಿದವಳು. ಅದಕ್ಕೇ ಉಪ್ಪಿನ ಜೌಗು ಅವಳ ಮನೆತನಕ್ಕೆ ಸಂದದ್ದು. ಕ್ಯೋನಿಗೆ ಈಗ ಆ ಜೌಗು ಬೇಕಾಗಿತ್ತು. ಓದಿನಲ್ಲಿ ಮಣಿ ಬರದಿದ್ದರೆ ಮನೆತನದ ಹಕ್ಕೂ ಇಲ್ಲ.

ಗ್ರಹಚಾರಕ್ಕೆ ಉಂಬನ ಹೆಂಡತಿ ಮುಜಿಂಗಾಳೂ ಅದೇ ಮನೆತನದವಳು. ಒಲೆಯ ಮೇಲೆ ಉಪ್ಪುನೀರು ಕುದಿಸುತ್ತಿದ್ದವಳು ತಿರುಗಿಯೂ ನೋಡದೆ ಕೇಳಿದಳು.

"ನಾಳೆ ಪಟ್ಟದ ಓದಿನಲ್ಲಿ ನಮ್ಮಜ್ಜಿ ಮಸೆಂಗೊ ಹೆಸರು ಬರುತ್ತೋ ಇಲ್ವೋ?"

"ಬೆರಳಿಗೆ ಸಿಗದ್ದನ್ನ ಓದೋ ಹಾಗಿಲ್ಲ. ಆಣೆ ಇಟ್ಟಿದೀನಿ."

"ಬಾಯಿಪಾಠ ಇದೆಯಲ್ಲ, ಹೇಳಿಬಿಡು."

"ನಾಳೆ ನಾನು ಬಾಯಿಗೆ ಬಂದದ್ದು ಹೇಳಿದ್ರೆ, ನಾಡಿದ್ದು ಕ್ಯೋನಿನೂ ಹೇಳ್ತಾನೆ. ಅದೂ ಅಲ್ದೆ, ಹೆಂಡ್ತಿ ಕಡೆಯವರ ಪರ ಅಂತ ಊರೆಲ್ಲ ಆಡ್ಕೊಳ್ಳುತ್ತೆ."

"ಆಡ್ಕೊಳ್ಳಲಿ! ನಲವತ್ತು ವರ್ಷ ನಮ್ಮ ಉಪ್ಪು ತಿಂದಿಲ್ವಾ ನೀನು?"

ಉಂಬನಿಗೆ ಮೈಯೆಲ್ಲ ಉರಿಯಿತು. ಅವಳ ಮೇಲೆ ಸಿಟ್ಟು, ಕ್ಯೋನಿಯ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ತಾನಿಟ್ಟ ಆಣೆಯ ಮೇಲೆ ಸಿಟ್ಟು. ಮುರಿದ ಮುದ್ದೆಯನ್ನು ಹಾಗೇ ಬಿಟ್ಟು ಎದ್ದ.

ಮರುದಿನ ಅರಮನೆಯ ಅಂಗಳ ಕಿಕ್ಕಿರಿದಿತ್ತು. ಓದು ಮುಗಿಯುವ ತನಕ ದೊರೆಯಾದರೂ ಪೀಠದ ಮೇಲೆ ಕೂರುವಂತಿಲ್ಲ. ಎಳೆಯ ದೊರೆ ಬಿಸಿಲಲ್ಲಿ ಬೆವರುತ್ತ ನಿಂತಿದ್ದ, ಪಕ್ಕದಲ್ಲಿ ಕ್ಯೋನಿ. ಉಂಬ ರಾಗವಾಗಿ ಶುರುಮಾಡಿದ. ಬಿಳಿಮಣಿ, ಬೇಟೆಗಾರ ಬಂದ. ಕಪ್ಪುಮಣಿ, ಜೌಗಿನಲ್ಲಿ ಹೂತ. ಬೆರಳು ಮುಂದೆ ಸರಿದು ನಿಂತಿತು.

ಹೆಂಗಸರ ಸಾಲಿನಲ್ಲಿದ್ದ ಮುಜಿಂಗಾ ತಲೆ ತಗ್ಗಿಸಿದಳು. ನಲವತ್ತು ವರ್ಷ ಇಲ್ಲಿ ತಡವರಿಸದ ಬೆರಳು ಈಗ ಸುಮ್ಮನೆ ತಡಕಾಡುತ್ತಿತ್ತು. ಅಷ್ಟರಲ್ಲಿ ತುದಿಗೆ ಏನೋ ಚುಚ್ಚಿತು.

"ಇಲ್ಲಿ ಒಂದು ತೂತಿದೆ," ಎಂದು ಅದೇ ರಾಗದಲ್ಲಿ ಓದಿದ. "ತೂತು ಹೊಸದು. ಅಂಚಿನಲ್ಲಿ ಸಿಬಿರೆದ್ದಿದೆ. ಇಲ್ಲಿ ಚಾಕು ಆಡಿದೆ."

ಅಂಗಳದವರೆಲ್ಲ ಹಲಗೆಯ ಕಡೆ ಕತ್ತು ಚಾಚಿದರು.

"ಮುಂದಕ್ಕೆ ಓದು!" ಕ್ಯೋನಿ ಗದರಿದ.

"ಬೆರಳಿಗೆ ಸಿಕ್ಕಿದ್ದನ್ನ ಓದ್ತಾ ಇದೀನಲ್ಲಪ್ಪ." ಉಂಬ ಬೆರಳೆತ್ತಲಿಲ್ಲ. "ಇಲ್ಲಿ ಒಂದು ತೂತಿದೆ. ತೂತು ಹೊಸದು..."

ಮೂರನೆಯ ಸಲವೂ ಅದನ್ನೇ ಓದಿದ. ಹೊಸ ದೊರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಖಾಲಿ ಪೀಠವನ್ನು ನೋಡಿದ. ಆಮೇಲೆ ಮೆಲ್ಲನೆ ತಿರುಗಿ ಸೋದರಮಾವನ ಸೊಂಟದ ಚಾಕುವಿನ ಕಡೆ ನೋಡಿದ. ಕ್ಯೋನಿಯ ಕೈ ಅವನಿಗೇ ಗೊತ್ತಿಲ್ಲದೆ ಆಗಲೇ ಪಕ್ಕದ ಚೀಲದ ಬಾಯನ್ನು ಮುಚ್ಚಿ ಹಿಡಿದಿತ್ತು.