ದೊನ್ ಎಲ್ಬಿಯೊ ಅವರ ‘ಸದ್ಯಕ್ಕೆ’

‘ಸದ್ಯಕ್ಕೆ’ ಎಂಬ ಮಾತು ಸೇರದ ಒಂದು ವಾಕ್ಯವನ್ನು ದೊನ್ ಎಲ್ಬಿಯೊ ಲಾರೋಸಾ ಅವರ ಬಾಯಿಂದ ನಾನು ಬಹುಕಾಲ ಕೇಳಿರಲಿಲ್ಲ. ಊಟವಾಯಿತೇ ಎಂದರೆ ಸದ್ಯಕ್ಕೆ ಆಗಿದೆ. ಮೊಣಕಾಲ ನೋವು ಹೇಗಿದೆ ಎಂದರೆ ಸದ್ಯಕ್ಕೆ ಇದೆ. ಅವರ ಭಾವಮೈದುನ ತೀರಿಕೊಂಡಾಗ ಮಾತಾಡಿಸಲು ಹೋದ ನನಗೆ, “ಸದ್ಯಕ್ಕೆ ಹೋಗ್ಬಿಟ್ಟ ನೋಡಿ ಮೇಷ್ಟ್ರೇ” ಎಂದು ಹೇಳಿ, ಮರುಕ್ಷಣ ತಾವೇ ಬೆಚ್ಚಿ ತುಟಿ ಕಚ್ಚಿಕೊಂಡಿದ್ದರು.

ನಮ್ಮ ನದೀತೀರದ ಊರಿನ ಉಣ್ಣೆಗಿರಣಿಯಲ್ಲಿ ಅವರು ಮಗ್ಗದ ಮನೆಯ ಮೇಸ್ತ್ರಿ, ಊರಿಗೆಲ್ಲ ಗೌರವದ ‘ದೊನ್’. ಎಡ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಬಲಗೈಯಲ್ಲಿ ಮಾಟೆ ಸೊಪ್ಪಿನ ಕಷಾಯದ ಸೋರೆಬುರುಡೆ, ಮೈಮೇಲೆ ಗಿರಣಿಯ ನೀಲಿ ಕೋಟು. ಫ್ಲಾಸ್ಕನ್ನು ಒತ್ತಿ ಹಿಡಿದೂ ಹಿಡಿದೂ ಎಡ ಹೆಗಲು ತುಸು ಮೇಲೇರಿ, ಯಾರೋ ಕೇಳಿದ ಪ್ರಶ್ನೆಗೆ ಗೊತ್ತಿಲ್ಲ ಎನ್ನುವವರ ಭಂಗಿಯಲ್ಲಿ ನಡೆಯುತ್ತಿದ್ದರು. ಮಗ್ಗಗಳ ಅಬ್ಬರದ ನಡುವೆ ಬದುಕಿದ ಕಂಠ ಅದು. ಇಗರ್ಜಿಯಲ್ಲಿ ಅವರು ಪಿಸುಗುಟ್ಟಿದ ಪ್ರಾರ್ಥನೆ ಪಾದ್ರಿಗೆ ಪೀಠದವರೆಗೂ ಕೇಳಿಸುತ್ತಿತ್ತು.

ಗಿರಣಿ ನಿಂತಿತು. ಸರ್ಕಾರದ ನಿರುದ್ಯೋಗ ಭತ್ಯೆಯ ಕಚೇರಿಯಲ್ಲಿ ಇಂಥವರಿಗೆಂದೇ ಎರಡು ದಾರಿಗಳಿದ್ದವು: ಕೆಲಸ ನಿಂತಿದೆ, ಇಲ್ಲವೇ ಕೆಲಸ ಹೋಗಿದೆ. ನಿಂತಿದೆ ಎಂದು ಬರೆಸಿದವರು ಇನ್ನೂ ಗಿರಣಿಯವರೇ. ಮಾಲೀಕ ಕರೆದರೆ ಹೋಗಬೇಕು, ಅಲ್ಲಿಯವರೆಗೆ ನಾಲ್ಕು ತಿಂಗಳು ಭತ್ಯೆ. ದೊನ್ ಎಲ್ಬಿಯೊ ಹಾಗೇ ಬರೆಸಿದರು, ಅವರ ಹಿಂದೆ ಮಗ್ಗದ ಮನೆಯೆಲ್ಲ ಹಾಗೇ ಬರೆಸಿತು. ಪ್ರತಿ ಭಾನುವಾರ ಅವರು ನೀಲಿ ಕೋಟನ್ನು ಒಗೆದು, ಇಸ್ತ್ರಿ ಮಾಡಿ, ಸೋಮವಾರಕ್ಕೆಂದು ಬಾಗಿಲ ಹಿಂದೆ ತೂಗುಹಾಕುತ್ತಿದ್ದರು.

“ಮುದುಕಾ, ಆ ಕೋಟಿಗೆ ಮಾಡೋ ಸೇವೆ ನಂಗೆ ಮಾಡಿದ್ರೆ ನಾನಿನ್ನೂ ಹುಡುಗಿ ಥರ ಇರ್ತಿದ್ದೆ” ಎಂದು ಹೆಂಡತಿ ಇರ್ಮಾ ಛೇಡಿಸುತ್ತಿದ್ದಳು. ಬರಬರುತ್ತ ಛೇಡಿಸುವುದನ್ನೂ ಬಿಟ್ಟಳು.

ನಾಲ್ಕು ತಿಂಗಳು ಮುಗಿದು ಭತ್ಯೆ ನಿಂತಿತು. ಗಿರಣಿಯಿಂದ ಕರೆ ಬರಲಿಲ್ಲ. ಇನ್ನು ಕಾರ್ಮಿಕರೇ ಹೋಗಿ, ಗಡುವಿನೊಳಗೆ, ಕೆಲಸ ಹೋಗಿದೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಪರಿಹಾರ ಉಂಟು, ಹೇಳದಿದ್ದರೆ ಅದೂ ಇಲ್ಲ. ನಾನು ಕಾನೂನು ಬಿಡಿಸಿ ಹೇಳಿದೆ. “ಹೋಗು ಅಂತ ನನಗ್ಯಾರೂ ಹೇಳಿಲ್ವಲ್ಲ ಮೇಷ್ಟ್ರೇ. ಸದ್ಯಕ್ಕೆ ನಿಂತಿದೆ ಅಷ್ಟೇ” ಎಂದರು. ನನಗೆ ಸಿಟ್ಟು ಬಂತು. ಇಷ್ಟು ಹಟಮಾರಿಯೊಂದಿಗೆ ವಾದಿಸುವುದಕ್ಕಿಂತ ನದಿಯ ಅಲೆ ಎಣಿಸುವುದು ಮೇಲು ಎಂದುಕೊಂಡು ಎದ್ದುಬಂದೆ.

ಗಡುವಿಗೆ ಮೂರು ದಿನವಿದ್ದಾಗ ಸುಲ್ಮಾ ಅವರ ಮನೆಗೆ ಬಂದಳು. ಅವರ ಕೈಕೆಳಗೆ ಕೆಲಸ ಕಲಿತ ನೇಕಾರ್ತಿ, ಇಬ್ಬರು ಮಕ್ಕಳ ವಿಧವೆ. ಸಿಟ್ಟು ಇಳಿದು ಮತ್ತೆ ಹೋಗಿದ್ದ ನಾನೂ ಅಲ್ಲೇ ಕೂತಿದ್ದೆ.

“ಮನೆ ಓನರು ಬೀಗದಕೈ ಕೇಳ್ತಿದಾನೆ, ದೊನ್ ಎಲ್ಬಿಯೊ.”

“ಹಾಗಾದ್ರೆ ಹೋಗಿ ಬರೆಸಮ್ಮ. ನಿನ್ನ ಹಿಡಿದೋರ್ಯಾರು?”

“ನೀವೇ” ಎಂದಳು. “ನೀವು ಕೋಟು ಹಾಕ್ಕೊಂಡು ಬೀದೀಲಿ ಓಡಾಡ್ತಿದ್ರೆ ನಾನು ಹೆಂಗೆ ಹೋಗಿ ಹೇಳ್ಲಿ? ನಾಳೆ ಗಿರಣಿ ಬಾಗ್ಲು ತೆಗೆದ್ರೆ, ಬಿಟ್ಟುಹೋದೋಳು ಅಂತ ನನ್ನ ಒಳಗೆ ಸೇರಿಸ್ತಾರಾ? ಬೇರೆಯೋರೂ ನಿಮ್ಮನ್ನೇ ನೋಡ್ತಾ ಕೂತಿದಾರೆ.”

ದೊನ್ ಎಲ್ಬಿಯೊ ಸೋರೆಬುರುಡೆಗೆ ಬಿಸಿನೀರು ಸುರಿದು ಅವಳ ಕೈಗಿತ್ತರು. ಮರುದಿನ ಬೆಳಿಗ್ಗೆ, ನಮ್ಮ ಕಡೆ ನಡುಚಳಿಗಾಲವಾದ ಜುಲೈ ತಿಂಗಳ ಕೊರೆಯುವ ಚಳಿಯಲ್ಲಿ, ನೀಲಿ ಕೋಟು ತೊಟ್ಟು ನನ್ನ ಬಾಗಿಲು ಬಡಿದರು. “ಬಸ್ಸು ಎಷ್ಟೊತ್ತಿಗೆ ಮೇಷ್ಟ್ರೇ?”

ಕಚೇರಿಯ ಗಾಜಿನ ಹಿಂದಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು: “ಕೆಲಸ ನಿಂತಿದ್ಯೋ, ಹೋಗಿದ್ಯೋ?”

ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತಿರಲಿಲ್ಲ. “ಹೋಗಿದೆ” ಎಂದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಮಾತಿನ ಹಿಂದೆಯೇ ಇನ್ನೊಂದು ಮಾತು ಬರುತ್ತದೆಂದು ನಾನು ಕಾದೆ. ನಮ್ಮ ಜೊತೆಗೇ ಬಂದು ಅವರ ಬೆನ್ನಿಗೆ ನಿಂತಿದ್ದ ಸುಲ್ಮಾಳೂ ಕಾದಳೆಂದು ಕಾಣುತ್ತದೆ. ಅದು ಬರಲಿಲ್ಲ. ಅವರು ರುಜು ಹಾಕಿ ಪಕ್ಕಕ್ಕೆ ಸರಿದು, ಅವಳಿಗೆ ಜಾಗ ಬಿಟ್ಟರು.

ಪರಿಹಾರ ಬಂತು. ಸುಲ್ಮಾಳ ಮನೆ ಉಳಿಯಿತು. ದೊನ್ ಎಲ್ಬಿಯೊ ಈಗಲೂ ಫ್ಲಾಸ್ಕು ಹಿಡಿದು ಬೀದಿಯಲ್ಲಿ ಸಿಗುತ್ತಾರೆ, ಮೈಮೇಲೆ ಇರ್ಮಾ ಹೆಣೆದ ಕಂದು ಸ್ವೆಟರು. ಊಟವಾಯಿತೇ ಎಂದರೆ, ಆಯಿತು ಎನ್ನುತ್ತಾರೆ. ಆ ಒಂದೇ ಮಾತಿನ ಉತ್ತರಕ್ಕೆ ನನಗೆ ಇನ್ನೂ ಒಗ್ಗಿಕೊಳ್ಳಲಾಗಿಲ್ಲ, ಅದನ್ನು ಕೇಳಿದಾಗಲೆಲ್ಲ ದುಃಖವಾಗುತ್ತದೆ.

ದುಡಿಮೆಯ ಪ್ರತಿ ಊರಿನಲ್ಲೂ ಇಂಥವರೊಬ್ಬರು ಇರುತ್ತಾರೆ. ತಮ್ಮ ಪಾಡಿಗೆ ತಾವು ಏನನ್ನೋ ನಂಬಿಕೊಂಡಿರುತ್ತಾರೆ. ಅವರನ್ನು ನೋಡಿ ಉಳಿದವರೂ ನಂಬುತ್ತಾರೆ. ಆ ನಂಬಿಕೆ ಉಳಿದವರಿಗೆ ಹೊರೆಯಾಯಿತೆಂದು ತಿಳಿದ ದಿನ, ಅದನ್ನು ತಮ್ಮ ಕೈಯಾರೆ ಇಳಿಸಿ, ತಾವು ಮಾತ್ರ ಬರಿಗೈಯಲ್ಲಿ ಮನೆಗೆ ಮರಳುತ್ತಾರೆ. ಯಂತ್ರಗಳನ್ನು ಮಾಲೀಕರು ಎಂದೇ ನಿಲ್ಲಿಸಿರಲಿ, ಗಿರಣಿ ಮುಚ್ಚುವುದು ಆ ದಿನವೇ.